ನಾರ್ತ್ ಡಕೋಟಾದ ವಲಸಿಗರು: ಇಳಿಕೆ ಮತ್ತು ಏರಿಕೆ

1890ರಲ್ಲಿ ಅಮೆರಿಕದ ನಾರ್ತ್ ಡಕೋಟಾದಲ್ಲಿ
ನೂರಕ್ಕೆ 40ಕ್ಕೂ ಹೆಚ್ಚು ಜನ
ಹೊರದೇಶದಲ್ಲಿ ಹುಟ್ಟಿದವರು.
ಇಂದು ಆ ಪಾಲು ನೂರಕ್ಕೆ ಐದರ ಆಸುಪಾಸು.
ನಡುವೆ ನಡೆದದ್ದೇನು?

ಈ ರಾಜ್ಯ ಹುಟ್ಟಿದ್ದು 1889ರಲ್ಲಿ.
ಬಯಲು ವಿಶಾಲ, ಜನ ವಿರಳ.
ನೆಲೆಸಿ ಉಳುವವರಿಗೆ
ಹೋಮ್‌ಸ್ಟೆಡ್ ಕಾಯ್ದೆ 160 ಎಕರೆ ಕೊಡುತ್ತಿತ್ತು.
ರೈಲು ಕಂಪನಿಗಳು ಯುರೋಪಿನಲ್ಲೇ ಪ್ರಚಾರ ಮಾಡಿದವು.
ನಾರ್ವೆಯವರು ಬಂದರು.
ರಷ್ಯಾದಲ್ಲಿ ನೆಲೆಸಿದ್ದ ಜರ್ಮನ್ನರೂ ಬಂದರು.
ಗೋಧಿ ಬಿತ್ತಿದರು, ಊರು ಕಟ್ಟಿದರು.

1924ರ ವಲಸೆ ಕಾಯ್ದೆ ಹೊಸಬರನ್ನು ತಡೆಯಿತು.
1930ರ ದಶಕದಲ್ಲಿ ಭೀಕರ ಬರ.
ಬಂದಿದ್ದ ಪೀಳಿಗೆ ಮುಪ್ಪಾಗಿ ತೀರಿಕೊಂಡಿತು.
ಕಾಲುವೆ ಮುಚ್ಚಿದ ಕೆರೆಯಂತೆ
ಸಂಖ್ಯೆ ಇಳಿಯುತ್ತಲೇ ಹೋಯಿತು.
1990ರ ಹೊತ್ತಿಗೆ ನೂರಕ್ಕೆ ಇಬ್ಬರೂ ಇರಲಿಲ್ಲ.

ಆಮೇಲೆ ಏರಿಕೆ ಶುರು.
ಬೋಸ್ನಿಯಾ, ಸೊಮಾಲಿಯಾ, ಭೂತಾನ್‌ನ ನಿರಾಶ್ರಿತರು
ಫಾರ್ಗೊ ನಗರದಲ್ಲಿ ನೆಲೆಸಿದರು.
ಪಶ್ಚಿಮದ ಬಾಕೆನ್ ಪ್ರದೇಶದಲ್ಲಿ
ತೈಲದ ಉದ್ಯಮ ಕೆಲಸಗಾರರನ್ನು ಸೆಳೆಯಿತು.
ವೈದ್ಯರಿಲ್ಲದ ಊರುಗಳಿಗೂ ದಾರಿ ಸಿಕ್ಕಿತು.
ಈ ರಾಜ್ಯದ ಸೆನೆಟರ್ ಆಗಿದ್ದ ಕೆಂಟ್ ಕಾನ್ರಾಡ್ ಹೆಸರಿನ ಯೋಜನೆಯಡಿ
ಹೊರದೇಶದ ವೈದ್ಯರು ಅಂಥ ಊರುಗಳಲ್ಲಿ ದುಡಿಯಬಹುದು.
ಭಾರತೀಯ ವೈದ್ಯರೂ ಈ ದಾರಿಯಲ್ಲಿ ಬಂದಿದ್ದಾರೆ.

ಆದರೂ ವಲಸಿಗರ ಪಾಲು
ಅಮೆರಿಕದ ಸರಾಸರಿಯ ಅರ್ಧದಷ್ಟೂ ಇಲ್ಲ.
ಆದರೆ 2020ರ ಜನಗಣತಿಯಲ್ಲಿ
ಇಡೀ ರಾಜ್ಯದ ಜನರೇ 7.8 ಲಕ್ಷದಷ್ಟು.
ಇಷ್ಟು ಕಡಿಮೆ ಜನರಿರುವ ನಾಡಿನಲ್ಲಿ
ಕೆಲವೇ ಸಾವಿರ ಜನ ಬಂದರೂ
ಶಾಲೆ, ಆಸ್ಪತ್ರೆ, ಕಾರ್ಖಾನೆಗಳಿಗೆ
ಅದು ದೊಡ್ಡ ಬಲ.