ಕೊಳೆ ಚೆಲ್ಲಿದ್ದಾಯಿತು, ಬೆಲ್ಲ ತೂಗಿದವರು ಯಾರು?

ಒಳಪುಟದ ಮೂಲೆಯಲ್ಲಿ ಆಗಾಗ ಬರುವ ನಾಲ್ಕು ಸಾಲಿನ ಸುದ್ದಿ ಇದು. "ಅಬಕಾರಿ ದಾಳಿ, ಬೆಲ್ಲದ ಕೊಳೆ ನಾಶ, ಆರೋಪಿ ಪರಾರಿ." ದಾವಣಗೆರೆಯಲ್ಲಿ ಹರಿಹರದ ಬಸ್ ಹತ್ತಿ ಕಿಟಕಿ ಪಕ್ಕ ಕೂತವರು ಅದನ್ನು ಓದುತ್ತಾರೆ. "ಮತ್ತೆ ಶುರು ಹಚ್ಕೊಂಡ್ರು ನೋಡ್ರಿ" ಅಂತ ಪಕ್ಕದವರಿಗೆ ಒಂದು ಮಾತು ಹೇಳುತ್ತಾರೆ. ಬಾತಿ ಕೆರೆ ದಾಟುವಷ್ಟರಲ್ಲಿ ಸುದ್ದಿ ಮರೆತೇ ಹೋಗಿರುತ್ತದೆ.

ನಾವು ಮಾತ್ರ ಇವತ್ತು ಅಲ್ಲೇ ಸ್ವಲ್ಪ ನಿಲ್ಲೋಣ. ಕೊಳೆ ಚೆಲ್ಲಿದರು, ಸರಿ. ಮಡಕೆ ಒಡೆದರು, ಅದೂ ಸರಿ. ಓಡಿಹೋದವನು ಇವತ್ತಲ್ಲ ನಾಳೆ ಸಿಗುತ್ತಾನೆ. ಆದರೆ ಆ ಕೊಳೆಗೆ ಹಾಕಿದ ಬೆಲ್ಲ ಎಲ್ಲಿಂದ ಬಂತು? ಹಳ್ಳದ ಪೊದೆಯಲ್ಲಿ ಬೆಲ್ಲ ಬೆಳೆಯುವುದಿಲ್ಲವಲ್ಲ! ಯಾವುದೋ ಪೇಟೆಯಲ್ಲಿ, ಯಾವುದೋ ತಕ್ಕಡಿಯಲ್ಲಿ ತೂಗಿದ್ದೇ ಅದು. ತೂಗಿದ ಕೈಯ ಸುದ್ದಿಯನ್ನು ನಾಲ್ಕು ಸಾಲಿನೊಳಗೆ ಯಾರೂ ಬರೆಯುವುದಿಲ್ಲ.

ಕೊಳೆ ಅಂದರೆ ಏನು?

ಹೆಸರೇ ಹೇಳುತ್ತದೆ. ಸಕ್ಕರೆ ಅಂಶ ಇರುವ ಯಾವ ಪದಾರ್ಥವಾದರೂ ಸರಿ, ನೀರಿನಲ್ಲಿ ಕೊಳೆತರೆ ಅದರೊಳಗಿನ ಯೀಸ್ಟ್ ಎಂಬ ಸೂಕ್ಷ್ಮಜೀವಿ ಸಕ್ಕರೆಯನ್ನು ಮದ್ಯಸಾರ ಮಾಡುತ್ತದೆ. ನಮ್ಮ ಕಡೆ ಬೆಲ್ಲ, ಅದರ ಜೊತೆಗೆ ಬಿಳಿಜಾಲಿ ಚಕ್ಕೆ, ಕೊಳೆತ ಬಾಳೆಹಣ್ಣು. ಕರಾವಳಿಯಲ್ಲಿ ಗೇರುಹಣ್ಣು. ಹುಳಿ ಬಂದ ಕೊಳೆಯನ್ನು ಕಾಯಿಸಿ, ಎದ್ದ ಆವಿಯನ್ನು ತಣ್ಣಗೆ ಮಾಡಿ ಇಳಿಸಿದ್ದೇ ಭಟ್ಟಿ. ಬೆಲ್ಲದ್ದಾದರೆ ಸಾರಾಯಿ. ಹಣ್ಣಿನದಾದರೆ ದೊಡ್ಡ ಊರಿನವರು ಬ್ರಾಂದಿ ಅಂತ ಮರ್ಯಾದೆಯಿಂದ ಕರೆಯುತ್ತಾರೆ. ಕಾಯಿದೆಗೆ ಎರಡೂ ಒಂದೇ. ಲೈಸೆನ್ಸ್ ಇಲ್ಲದೆ ಮನೆಯಲ್ಲಿ ಇಳಿಸಿದರೆ 1965ರ ಅಬಕಾರಿ ಕಾಯಿದೆ ಪ್ರಕಾರ ಜೈಲು, ಮೇಲೆ ದಂಡ. "ನಮ್ಮನೆ ಹಣ್ಣು, ನಮ್ಮನೆ ಒಲೆ, ನಿಮಗೇನ್ರಿ?" ಅಂತ ಕೇಳುವ ಹಾಗಿಲ್ಲ.

ಮಜಾ ನೋಡಿ. ಅದೇ ಗೇರುಹಣ್ಣಿನ ಸಾರಾಯಿ ಗೋವೆಯಲ್ಲಿ ಫೆನಿ. 2009ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಸರ್ಕಾರಿ ಮುದ್ರೆಯೂ ಸಿಕ್ಕಿತು. ಗಡಿಯಿಂದ ಈಚೆ, ಕಾರವಾರದ ಕಡೆ ಮನೆ ಹಿತ್ತಲಲ್ಲಿ ಅದನ್ನೇ ಇಳಿಸಿದರೆ ಕಳ್ಳಭಟ್ಟಿ! ಹಣ್ಣು ಅದೇ, ಒಲೆಯೂ ಅದೇ. ನಡುವೆ ಒಂದು ಚೆಕ್‌ಪೋಸ್ಟು.

ಒಂದು ಹೊಳೆ, ಮೂರು ಕಾಯಿದೆ

ಗಡಿಯ ಈ ಆಟ ಹರಿಹರಕ್ಕೆ ಹೊಸದಲ್ಲ. ತುಂಗಭದ್ರೆಗೆ 1868ರಲ್ಲಿ ಕಟ್ಟಿದ ಹಳೇ ಸೇತುವೆ ಇದೆಯಲ್ಲ, ಅದರ ಈ ತುದಿ ಮೈಸೂರು ಸಂಸ್ಥಾನ, ಆ ತುದಿ ಧಾರವಾಡ ಜಿಲ್ಲೆ, ಅಂದರೆ ಮುಂಬೈ ಸರ್ಕಾರ. ಪಕ್ಕದ ಹರಪನಹಳ್ಳಿ ಬಳ್ಳಾರಿ ಜಿಲ್ಲೆಯದ್ದು, ಅಲ್ಲಿ ಮದ್ರಾಸ್ ಸರ್ಕಾರ. ಒಂದು ದಿನದಲ್ಲಿ ಎತ್ತಿನ ಗಾಡಿ ಮೂರು ಸರ್ಕಾರ ನೋಡಿ ಬರಬಹುದಿತ್ತು.

ಪಾನನಿರೋಧವೂ ಮೂರು ದಾರಿಯಲ್ಲಿ ಬಂತು. ಮದ್ರಾಸಿನವರು 1937ರಲ್ಲೇ ಕಾಯಿದೆ ಮಾಡಿ, 1948ರ ಹೊತ್ತಿಗೆ ಇಡೀ ಪ್ರಾಂತ್ಯಕ್ಕೆ ಹಬ್ಬಿಸಿದರು. ಮೈಸೂರಿನ ಕಾಯಿದೆ 1948ರದು, ಜಾರಿಯಾದದ್ದು ಹಂತ ಹಂತವಾಗಿ. ಮುಂಬೈಯದು 1949ರದು. 1950ರಲ್ಲಿ ಸಂವಿಧಾನವೇ ಬಂತು. ಪಾನನಿರೋಧದ ಕಡೆ ಸರ್ಕಾರ ನಡೆಯಬೇಕು ಎಂದು ಅದರ 47ನೇ ವಿಧಿ ಹೇಳಿತು. 1953ರಲ್ಲಿ ಬಳ್ಳಾರಿ, 1956ರಲ್ಲಿ ಧಾರವಾಡ ನಮ್ಮ ರಾಜ್ಯಕ್ಕೆ ಸೇರಿದವು. ಆಗ ಒಂದೇ ರಾಜ್ಯದಲ್ಲಿ ಕೆಲವು ಜಿಲ್ಲೆಯಲ್ಲಿ ಕುಡಿದರೆ ಕಳ್ಳ, ಕೆಲವು ಜಿಲ್ಲೆಯಲ್ಲಿ ಕುಡಿದರೆ ಗಿರಾಕಿ! ಹೈದರಾಬಾದ್ ಕರ್ನಾಟಕದಲ್ಲಿ ಅಂಗಡಿ ತೆರೆದೇ ಇತ್ತು. 1961ರಲ್ಲಿ ರಾಜ್ಯಕ್ಕೆಲ್ಲ ಒಂದು ಪಾನನಿರೋಧ ಕಾಯಿದೆ ಬರೆದರು. 1967ರಲ್ಲಿ ಪಾನನಿರೋಧವನ್ನೇ ಕೈಬಿಟ್ಟರು.

ಆಗ ಮುಖ್ಯಮಂತ್ರಿ ಆಗಿದ್ದವರು ಯಾರು? ನಮ್ಮ ಚಿತ್ರದುರ್ಗದವರೇ ಆದ ಎಸ್. ನಿಜಲಿಂಗಪ್ಪನವರು. ಖಾದಿ ಹಾಕಿದ ಗಾಂಧಿವಾದಿ. ಅಂಥವರ ಕಾಲದಲ್ಲೇ ಅಂಗಡಿಯ ಬಾಗಿಲು ತೆಗೆಯಬೇಕಾಯಿತು ಅಂದರೆ ಬೊಕ್ಕಸದ ಕಷ್ಟ ಎಷ್ಟಿರಬೇಕು, ಕಾಯಿದೆ ಕಾಗದದ ಮೇಲೆ ಎಷ್ಟು ಒಣಗಿರಬೇಕು, ಲೆಕ್ಕ ಹಾಕಿಕೊಳ್ಳಿ.

ಮುಚ್ಚಿದ್ದು, ತೆರೆದದ್ದು

ಆಮೇಲಿನದು ಹಿರಿಯರಿಗೆ ನೆನಪಿದೆ. ಹರಾಜು ಹಿಡಿದ ಕಂಟ್ರಾಕ್ಟರು, ಸಾರಾಯಿ ಅಂಗಡಿ, ಕೊನೆಕೊನೆಗೆ ಪ್ಯಾಕೆಟ್ಟು. ಸಂಜೆ ಕೂಲಿ ಬಟವಾಡೆಯಾದ ಮೇಲೆ ಪ್ಯಾಕೆಟ್ಟು ಕಚ್ಚಿ ಹರಿದವರ ಮನೆಯಲ್ಲಿ ಒಲೆ ಹೊತ್ತಿತೋ ಇಲ್ಲವೋ, ಅದನ್ನು ಆ ಮನೆಯ ಹೆಣ್ಣುಮಕ್ಕಳನ್ನೇ ಕೇಳಬೇಕು.

2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ಬಂದ್ ಆಯಿತು. ಒಳ್ಳೆಯದೇ ಆಯಿತು ಎಂದರು ಜನ. ಹನ್ನೊಂದು ತಿಂಗಳು ತುಂಬಿರಲಿಲ್ಲ, 2008ರ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ ಮತ್ತು ಪಕ್ಕದ ತಮಿಳುನಾಡಿನ ಕೃಷ್ಣಗಿರಿಯಲ್ಲಿ ಕಳ್ಳ ಸಾರಾಯಿ ಕುಡಿದು ನೂರೈವತ್ತಕ್ಕೂ ಹೆಚ್ಚು ಜನ ಸತ್ತರು. ಅದಕ್ಕೂ ಮೊದಲು, 1981ರ ಜುಲೈಯಲ್ಲಿ, ಸಾರಾಯಿ ಅಂಗಡಿ ರಾಜಾರೋಷವಾಗಿ ತೆರೆದಿದ್ದ ಕಾಲದಲ್ಲೇ ಬೆಂಗಳೂರಿನಲ್ಲಿ ಮುನ್ನೂರಕ್ಕೂ ಹೆಚ್ಚು ಜನ ಹೀಗೆಯೇ ಹೋಗಿದ್ದರು. ಅಂದಮೇಲೆ ಮುಚ್ಚಿದ್ದಕ್ಕೇ ಸತ್ತರು ಅನ್ನುವುದೂ ಪೂರ್ತಿ ಸತ್ಯವಲ್ಲ, ತೆರೆದಿಟ್ಟರೆ ಬದುಕುತ್ತಾರೆ ಅನ್ನುವುದೂ ಸತ್ಯವಲ್ಲ. ಬಿಗಿ ಪಾನನಿರೋಧವಿರುವ ಗುಜರಾತಿನ ಬೋಟಾದ್ ಕಡೆ 2022ರಲ್ಲಿ ಸತ್ತರು, ಬಿಹಾರದ ಸಾರಣ್ ಜಿಲ್ಲೆಯಲ್ಲಿ ಅದೇ ವರ್ಷ ಸತ್ತರು. ಸರ್ಕಾರವೇ ಮದ್ಯದಂಗಡಿ ನಡೆಸುವ ತಮಿಳುನಾಡಿನ ಕಳ್ಳಕುರಿಚಿಯಲ್ಲೂ 2024ರಲ್ಲಿ ಸತ್ತರು. ಎಲ್ಲ ಕಡೆಯೂ ಒಂದೇ ಥರದ ಜನ. ಅಗ್ಗದ್ದನ್ನೇ ಕುಡಿಯಬೇಕಾದ ಕೂಲಿಕಾರರು.

ಆ ನಲವತ್ತು ದಿನ

ಪಾನನಿರೋಧ ಅಂದರೆ ಹೇಗಿರುತ್ತದೆ ಎಂದು ಈಗಿನ ಹುಡುಗರಿಗೆ ಗೊತ್ತಾದದ್ದು 2020ರಲ್ಲಿ. ಕೊರೋನಾ ಬೀಗ ಬಿತ್ತು. ಮಾರ್ಚ್ 25ರಿಂದ ಮೇ 3ರ ತನಕ, ಲೆಕ್ಕ ಹಾಕಿದರೆ ಸರಿಯಾಗಿ ನಲವತ್ತು ದಿನ, ಬಾರು, ವೈನ್ ಶಾಪು ಎಲ್ಲ ಬಂದ್. ಅದೇ ನಲವತ್ತು ದಿನ ರೈತರ ಬಾಳೆ, ದ್ರಾಕ್ಷಿ, ಕಲ್ಲಂಗಡಿ ಹೊಲದಲ್ಲೇ ಕೊಳೆತವು. ಸಂತೆ ಇಲ್ಲ, ಲಾರಿ ಇಲ್ಲ, ಕೊಳ್ಳುವವರಿಲ್ಲ. ಒಂದು ಕಡೆ ಕೊಳೆಯುವ ಹಣ್ಣು, ಇನ್ನೊಂದು ಕಡೆ ಕೈ ನಡುಗುವ ಕುಡುಕ. ನಡುವೆ ಒಲೆ ಹೊತ್ತಿಸಲು ಎಷ್ಟು ಹೊತ್ತು? ರಾಜ್ಯದ ಉದ್ದಗಲಕ್ಕೂ ಅಬಕಾರಿಯವರು ಕೊಳೆ ಚೆಲ್ಲಿದ್ದೇ ಚೆಲ್ಲಿದ್ದು. ಮೇ 4ರಂದು ಅಂಗಡಿ ತೆರೆದಾಗ ಸಾಲು ಎಷ್ಟು ಉದ್ದ ಇತ್ತು ಎಂಬುದನ್ನು ನೀವೇ ನೋಡಿದ್ದೀರಿ.

ಆಗ ಒಂದು ಮಾತು ಊರೆಲ್ಲ ಓಡಾಡಿತು. "ಹಣ್ಣಿಂದು ಕಣ್ರಿ, ಏನೂ ಆಗಲ್ಲ. ಮನೆಯದು, ಚೊಕ್ಕ ಇರ್ತದೆ." ಈಗಲೂ ಹಾಗೆ ಹೇಳುವವರಿದ್ದಾರೆ. ಅದನ್ನೇ ಸ್ವಲ್ಪ ಬಿಡಿಸಿ ನೋಡೋಣ.

ಹಣ್ಣಿನದು ಚೊಕ್ಕವೇ?

ಮದ್ಯಸಾರದಲ್ಲಿ ಎರಡು ಜಾತಿ. ಒಂದು ಎಥನಾಲ್, ನಿಶೆ ಕೊಡುವುದು. ಇನ್ನೊಂದು ಮೆಥನಾಲ್, ಕಣ್ಣು ತೆಗೆಯುವುದು. ಹಣ್ಣಿನಲ್ಲಿ ಪೆಕ್ಟಿನ್ ಎಂಬ ಅಂಟು ಪದಾರ್ಥ ಇರುತ್ತದೆ. ಕೊಳೆಯುವಾಗ ಅದರಿಂದ ಸ್ವಲ್ಪ ಮೆಥನಾಲ್ ಹುಟ್ಟುತ್ತದೆ. ಬೆಲ್ಲಕ್ಕಿಂತ ಹಣ್ಣಿನಲ್ಲೇ ಇದು ಜಾಸ್ತಿ. ಮೆಥನಾಲ್ ಕುದಿಯುವುದು ಸುಮಾರು 65 ಡಿಗ್ರಿಗೆ, ಎಥನಾಲ್ 78ಕ್ಕೆ. ಕಾರ್ಖಾನೆಯ ಎತ್ತರದ ಗೋಪುರದಲ್ಲಿ ಇವನ್ನು ಬೇರೆ ಮಾಡುತ್ತಾರೆ, ಲ್ಯಾಬಿನಲ್ಲಿ ಪರೀಕ್ಷೆ ಮಾಡುತ್ತಾರೆ. ಹಿತ್ತಲ ಹಂಡೆಗೆ ಅದೆಲ್ಲ ಎಲ್ಲಿಂದ ಬರಬೇಕು? ಮೂಗಿಗೆ ವಾಸನೆಯಲ್ಲಿ ಗೊತ್ತಾಗುವುದಿಲ್ಲ, ನಾಲಗೆಗೆ ರುಚಿಯಲ್ಲೂ ಗೊತ್ತಾಗುವುದಿಲ್ಲ.

ಸತ್ಯ ಹೇಳಬೇಕೆಂದರೆ, ಸಾಲು ಸಾಲಾಗಿ ಹೆಣ ಬೀಳುವುದು ಬರೀ ಹಣ್ಣಿನ ಕೊಳೆಯಿಂದಲ್ಲ. ಕಾರ್ಖಾನೆಗೆಂದು ಬಂದ ಮೆಥನಾಲನ್ನು ದುಡ್ಡಿನಾಸೆಗೆ ಸಾರಾಯಿಗೆ ಬೆರೆಸಿ ಮಾರುವುದರಿಂದ. ಬೆರೆಸಿದವನ ಮಾಲೂ ಮನೆಯ ಮಾಲಿನ ಹೆಸರಿನಲ್ಲೇ ಬರುತ್ತದೆ. ಲಾರಿ ಟ್ಯೂಬಿನಲ್ಲೋ ಬಾಟ್ಲಿಯಲ್ಲೋ ನಿಮ್ಮ ಕೈಗೆ ಬಂದದ್ದು ಯಾವ ಒಲೆಯದು ಎಂದು ಹೇಳುವ ಲೇಬಲ್ ಇರುವುದಿಲ್ಲ.

ಇದು ದೇಹದೊಳಗೆ ಹೋದರೆ ಫಾರ್ಮಿಕ್ ಆಸಿಡ್ ಆಗುತ್ತದೆ. ಕಟ್ಟಿರುವೆ ಕಚ್ಚಿದಾಗ ಉರಿಯುತ್ತದಲ್ಲ, ಅದೇ ಆಸಿಡ್. ಅದು ಕಣ್ಣಿನ ನರವನ್ನು ಹಿಡಿಯುತ್ತದೆ. 10 ಮಿಲಿ ಮೆಥನಾಲ್ ಕಣ್ಣು ಕಳೆಯಲು ಸಾಕು, 30 ಮಿಲಿ ಜೀವ ತೆಗೆಯಲು ಸಾಕು. ಕೆಟ್ಟದ್ದೇನೆಂದರೆ ಅದು ಕೂಡಲೇ ತೋರಿಸಿಕೊಳ್ಳುವುದಿಲ್ಲ. ರಾತ್ರಿ ಕುಡಿದವನು ಮಲಗುತ್ತಾನೆ. ಬೆಳಗ್ಗೆಯೋ ಮಧ್ಯಾಹ್ನವೋ ಹೊಟ್ಟೆನೋವು, ವಾಂತಿ, ಕಣ್ಣೆದುರು ಮಂಜು. "ನಿಶೆ ಇಳಿದಿಲ್ಲ, ಮಲಗ್ಲಿ ಬಿಡು" ಅನ್ನುತ್ತಾರೆ ಮನೆಯವರು. ಆ ಮಾತೇ ಅವನನ್ನು ಕೊಲ್ಲುತ್ತದೆ. ಬೇಗ ಆಸ್ಪತ್ರೆ ಸೇರಿದರೆ ಪ್ರತ್ಯೌಷಧ ಇದೆ, ರಕ್ತ ಶುದ್ಧಿ ಮಾಡುವ ಡಯಾಲಿಸಿಸ್ ಇದೆ. ಹರಿಹರದಿಂದ ದಾವಣಗೆರೆಯ ಚಿಗಟೇರಿ ಆಸ್ಪತ್ರೆ ಅರ್ಧ ಮುಕ್ಕಾಲು ಗಂಟೆಯ ದಾರಿ. 108ಕ್ಕೆ ಫೋನ್ ಮಾಡಿ, ಏನು ಕುಡಿದ ಎಂದು ನಾಚಿಕೆ ಇಲ್ಲದೆ ಹೇಳಿ. ಕೇಸ್ ಆಗುತ್ತದೆ ಎಂದು ಹೆದರಿ ಮುಚ್ಚಿಟ್ಟರೆ ಕೇಸು ಉಳಿಯುತ್ತದೆ, ಮನುಷ್ಯ ಉಳಿಯುವುದಿಲ್ಲ.

ಸಾಹುಕಾರ್ರೇ, ಒಂದು ಮಾತು

ಈಗ ಮೊದಲಿನ ಪ್ರಶ್ನೆಗೆ ಬರೋಣ. ಕಳ್ಳಭಟ್ಟಿ ಅಂದ ಕೂಡಲೇ ಊರ ಹೊರಗಿನ ಗುಡಿಸಲು, ತಾಂಡಾಗಳ ಕಡೆ ಬೆರಳು ತೋರಿಸುವುದು ನಮಗೆ ರೂಢಿ. ಕುಡಿಯುವವರು ಎಲ್ಲ ಓಣಿಯಲ್ಲೂ ಇದ್ದಾರೆ. ಸಾಮಾನು ಕೊಟ್ಟವರು ಪೇಟೆಯಲ್ಲಿದ್ದಾರೆ.

ತಿನ್ನಲು ಬಾರದ ಕಪ್ಪು ಬೆಲ್ಲ ಮೂಟೆಗಟ್ಟಲೆ ಹೋಗುತ್ತದೆ. "ದನಕ್ಕೆ ಬೇಕು ಅಂದ, ಕೊಟ್ಟೆ." ಇರಬಹುದು, ದನಕ್ಕೂ ಹಾಕುತ್ತಾರೆ. ಆದರೆ ಮನೆಯಲ್ಲಿ ದನವೇ ಇಲ್ಲದವನು ಪ್ರತಿ ವಾರ ಮೂಟೆ ಒಯ್ದರೆ? ನವಸಾಗರ ಕೇಳಿಕೊಂಡು ಬರುತ್ತಾರೆ. ನವಸಾಗರ ಹಿಂದೆ ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವವರಿಗೆ ಬೇಕಿತ್ತು. ಈಗ ಮನೆಮನೆಯಲ್ಲಿ ಸ್ಟೀಲು. "ಕಲಾಯೀ..." ಅಂತ ಕೂಗಿಕೊಂಡು ಓಣಿಗೆ ಬಂದವರನ್ನು ಕಂಡು ಎಷ್ಟು ವರ್ಷವಾಯಿತು ಹೇಳಿ? ಕಲಾಯಿಯವರು ಹೋದರೂ ನವಸಾಗರ ಕಿಲೋಗಟ್ಟಲೆ ಮಾರಾಟವಾದರೆ ಅದು ಯಾವ ಪಾತ್ರೆಗೆ ಹೋಯಿತು? ಇದನ್ನು ಕೊಳೆಗೆ ಹಾಕುತ್ತಾರೆ ಎಂದು ಅಬಕಾರಿಯವರಿಗಿಂತ ಮೊದಲು ಅಂಗಡಿಯವರಿಗೆ ಗೊತ್ತು.

ಕಾಯಿದೆಯ ಹೆದರಿಕೆಗೆ ಹೇಳುತ್ತಿಲ್ಲ. ವ್ಯಾಪಾರದ ಲೆಕ್ಕದಲ್ಲೇ ನೋಡಿ. ಆ ಬೆಲ್ಲದ ಮೂಟೆಯಲ್ಲಿ ನಿಮಗೆ ಸಿಗುವ ಲಾಭ ಎಷ್ಟು? ಆ ಮೂಟೆ ಭಟ್ಟಿಯಾಗಿ ಕುಡಿದವನ ಮನೆ ಕೂಡ ನಿಮ್ಮದೇ ಗಿರಾಕಿ ಮನೆ. ಅಕ್ಕಿ, ಬೇಳೆ, ಸೋಪು, ಮಕ್ಕಳ ನೋಟ್‌ಬುಕ್ಕು, ಉದ್ರಿ ಪುಸ್ತಕದ ಬಾಕಿ ಎಲ್ಲ ಅಲ್ಲಿಂದಲೇ ಬರಬೇಕು. ಅವನ ಕಣ್ಣು ಹೋದ ದಿನ ನಿಮ್ಮ ಬಾಕಿಯೂ ಹೋಯಿತು.

ಸರ್ಕಾರಕ್ಕೂ ಒಂದು ಮಾತು ಇದೆ. ಒಂದು ಕೈಯಲ್ಲಿ 47ನೇ ವಿಧಿ, ಇನ್ನೊಂದು ಕೈಯಲ್ಲಿ ಅಬಕಾರಿ ಲೆಕ್ಕದ ಪುಸ್ತಕ. 2023-24ರ ಬಜೆಟ್ಟಿನಲ್ಲಿ ಅಬಕಾರಿಗೆ ಇಟ್ಟ ಗುರಿ 36,000 ಕೋಟಿ ರೂಪಾಯಿ. ಇಷ್ಟು ದುಡ್ಡು ಕುಡಿಯುವವರಿಂದ ಬರುವಾಗ ಕುಡಿತ ಬಿಡಿಸುವ ಹಾಸಿಗೆ ತಾಲ್ಲೂಕು ಆಸ್ಪತ್ರೆಯಲ್ಲಿ ಎಷ್ಟಿವೆ ಎಂದು ಕೇಳುವ ಹಕ್ಕು ಜನರಿಗೆ ಇದೆ. 2019ರ ಜನವರಿಯಲ್ಲಿ ಸಾವಿರಾರು ಹೆಣ್ಣುಮಕ್ಕಳು ಇದೇ ಚಿತ್ರದುರ್ಗದಿಂದ ಬೆಂಗಳೂರಿನ ತನಕ ಇನ್ನೂರು ಕಿಲೋಮೀಟರ್ ನಡೆದು ಹೋದರು. ಕೂಲಿ ಬಿಟ್ಟು, ಮಕ್ಕಳನ್ನು ಬಿಟ್ಟು, ಮದ್ಯ ನಿಲ್ಲಿಸಿ ಎಂದು ಕೇಳಲು. ನಿಲ್ಲಿಸಿದರೆ ಕಳ್ಳಭಟ್ಟಿ ಏಳುತ್ತದೆ ಎಂದು ಬುದ್ಧಿವಂತರು ಹೇಳಿದರು. ಆ ಮಾತು ಸುಳ್ಳಲ್ಲ, ಮೇಲೆ ಬರೆದದ್ದೆಲ್ಲ ಅದಕ್ಕೆ ಸಾಕ್ಷಿ. ಆದರೆ ಅಷ್ಟು ದೂರ ನಡೆದವರ ಕಾಲಿನ ಬೊಬ್ಬೆಗೆ ಅದು ಉತ್ತರ ಆಗುವುದಿಲ್ಲ.

ಉತ್ತರ ದೊಡ್ಡವರು ಹುಡುಕಲಿ. ನಮ್ಮ ಕೈಯಲ್ಲಿ ಇರುವುದು ಚಿಕ್ಕದು. ನಾಳೆ ಬೆಳಗ್ಗೆ ಅಂಗಡಿ ಬಾಗಿಲು ತೆಗೆದಾಗ ಯಾರಾದರೂ ಬಂದು, "ಅಣ್ಣಾ, ಕಪ್ಪು ಬೆಲ್ಲ ಎರಡು ಮೂಟೆ, ನವಸಾಗರ ಒಂದು ಕಿಲೋ" ಅಂದರೆ, ತಕ್ಕಡಿಗೆ ಕೈ ಹಾಕುವ ಮೊದಲು ಒಂದೇ ಒಂದು ಮಾತು ಕೇಳಿ:

"ಯಾಕಪ್ಪಾ, ಎಷ್ಟು ದನ ಕಟ್ಟೀಯಾ?"