ಅವತಾರಗಳ ಊರಿನ ವರದಿಗಾರರು

‘ಸೆಕೆಂಡ್ ಲೈಫ್’ ಕಂಪ್ಯೂಟರಿನೊಳಗೆ ಇರುವ ಒಂದು ಲೋಕ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರದ ಲಿಂಡೆನ್ ಲ್ಯಾಬ್ ಕಂಪನಿ 2003ರ ಜೂನ್‌ನಲ್ಲಿ ಅದನ್ನು ಜನರಿಗೆ ತೆರೆಯಿತು. ಗೆಲ್ಲಬೇಕಾದ ಪಂದ್ಯವಾಗಲಿ, ಮುಗಿಸಬೇಕಾದ ಕಥೆಯಾಗಲಿ ಅಲ್ಲಿ ಇಲ್ಲ. ಬಂದವರು ಒಂದು ಹೆಸರನ್ನೂ ಒಂದು ರೂಪವನ್ನೂ ಆರಿಸಿಕೊಂಡು ಬದುಕತೊಡಗುತ್ತಾರೆ. ಆ ರೂಪವನ್ನು ‘ಅವತಾರ್’ ಎನ್ನುತ್ತಾರೆ. ಸಂಸ್ಕೃತದ ಅವತಾರವೇ ಇಂಗ್ಲಿಷಿಗೆ ಹೋಗಿ ಹೊಸ ಅರ್ಥ ಹೊತ್ತುಕೊಂಡು ಬಂದಿದೆ. 256 ಮೀಟರ್ ಉದ್ದಗಲದ ತುಂಡುಗಳಾಗಿ ಹಬ್ಬಿರುವ ಆ ನೆಲದ ಮೇಲಿನ ಮನೆ, ಅಂಗಡಿ, ನೃತ್ಯಶಾಲೆಗಳಲ್ಲಿ ಬಹುಪಾಲು ನಿವಾಸಿಗಳೇ ಕಟ್ಟಿದವು. ವ್ಯಾಪಾರಕ್ಕೆ ಲಿಂಡೆನ್ ಡಾಲರ್ ಎಂಬ ಹಣವಿದೆ, ಅದನ್ನು ನಿಜವಾದ ಡಾಲರಿಗೆ ಬದಲಾಯಿಸಿಕೊಳ್ಳಬಹುದು. ಇಷ್ಟೆಲ್ಲ ಇರುವ ಊರಿನ ಸುದ್ದಿ ಬರೆಯುವವರೂ ಬೇಗನೆ ಹುಟ್ಟಿಕೊಂಡರು.

ಮೊದಲ ವರದಿಗಾರನನ್ನು ಗೊತ್ತು ಮಾಡಿದ್ದು ಕಂಪನಿಯೇ. 2003ರಲ್ಲಿ ವ್ಯಾಗ್ನರ್ ಜೇಮ್ಸ್ ಔ ಎಂಬ ಪತ್ರಕರ್ತ ಬಿಳಿ ಸೂಟು ತೊಟ್ಟ ‘ಹ್ಯಾಮ್ಲೆಟ್ ಲಿಂಡೆನ್’ ಆಗಿ ಅಲ್ಲಿಗೆ ಕಾಲಿಟ್ಟರು. ಲಿಂಡೆನ್ ಎಂಬ ಉಪನಾಮ ಕಂಪನಿಯ ನೌಕರರಿಗೆ ಮೀಸಲು. ಹಾಗಾಗಿ ಅವರ ಸಂಬಳ ಎಲ್ಲಿಂದ ಬರುತ್ತದೆಂಬುದು ಹೆಸರಿನಲ್ಲೇ ಎದ್ದು ಕಾಣುತ್ತಿತ್ತು. 2006ರಲ್ಲಿ ಕಂಪನಿಯನ್ನು ಬಿಟ್ಟ ಮೇಲೆ ಅವರು ‘ಹ್ಯಾಮ್ಲೆಟ್ ಔ’ ಆಗಿ ಸ್ವತಂತ್ರವಾಗಿ ಬರವಣಿಗೆ ಮುಂದುವರಿಸಿದರು. ತತ್ವಶಾಸ್ತ್ರದ ಪ್ರಾಧ್ಯಾಪಕ ಪೀಟರ್ ಲಡ್ಲೊ ಹಿಡಿದದ್ದು ಬೇರೆ ದಾರಿ. ‘ದಿ ಸಿಮ್ಸ್ ಆನ್‌ಲೈನ್’ ಎಂಬ ಮತ್ತೊಂದು ಲೋಕದ ಕೆಡುಕುಗಳನ್ನು ಅವರ ‘ಆಲ್ಫಾವಿಲ್ ಹೆರಾಲ್ಡ್’ ಬಯಲಿಗೆಳೆಯುತ್ತಿತ್ತು. 2003ರ ಕೊನೆಗೆ ಅವರ ಖಾತೆಯೇ ರದ್ದಾಯಿತು; ಪತ್ರಿಕೆ ಸೆಕೆಂಡ್ ಲೈಫ್‌ಗೆ ಗುಳೆ ಬಂತು. 2006ರ ಅಕ್ಟೋಬರ್‌ನಲ್ಲಿ ರಾಯಿಟರ್ಸ್ ಸುದ್ದಿಸಂಸ್ಥೆ ಅಲ್ಲೊಂದು ಕಚೇರಿಯನ್ನೇ ತೆರೆದಿತ್ತು. ಕೆಲವು ವರ್ಷಗಳಲ್ಲೇ ಅದು ಮುಚ್ಚಿತು. ಉಳಿದುಕೊಂಡವರು ಆ ಊರಿನಲ್ಲೇ ಬದುಕುತ್ತ ಬರೆಯುತ್ತಿದ್ದ ಹವ್ಯಾಸಿಗಳು.

ಅವರು ಪಾಲಿಸುವ ಮರ್ಯಾದೆಗಳಲ್ಲಿ ಮೊದಲನೆಯದು, ಎಲ್ಲಕ್ಕಿಂತ ದೊಡ್ಡದು, ಹೆಸರಿನದು. ಅವತಾರದ ಹಿಂದಿರುವ ವ್ಯಕ್ತಿಯ ಊರು, ವಯಸ್ಸು, ಲಿಂಗ, ಧರ್ಮ, ಮದುವೆಯ ವಿಷಯಗಳನ್ನು, ಅವರಾಗಿಯೇ ತಮ್ಮ ಪರಿಚಯಪತ್ರದಲ್ಲಿ ಬರೆದುಕೊಂಡಿದ್ದರ ಹೊರತು, ಯಾರೂ ಹೊರಗೆಡಹಬಾರದು. ಇದನ್ನು ಲಿಂಡೆನ್ ಲ್ಯಾಬ್ ತನ್ನ ಸಮುದಾಯ ನಿಯಮಗಳಲ್ಲೇ ಸೇರಿಸಿತ್ತು. ಒಬ್ಬರೇ ಎರಡು ಹೆಸರಿನಲ್ಲಿ ಓಡಾಡುತ್ತಿದ್ದರೆ ಆ ಗುಟ್ಟಿಗೂ ಇದೇ ರಕ್ಷಣೆ. ಗಾಲಿಕುರ್ಚಿಯಲ್ಲಿ ಕೂತವರು ಅಲ್ಲಿ ಕುಣಿಯುತ್ತಾರೆ. ಮನೆಯಲ್ಲಿ ಹೇಳಿಕೊಳ್ಳಲಾಗದ ಲಿಂಗಭಾವವನ್ನು ಅಲ್ಲಿ ನಿರಾಳವಾಗಿ ಬದುಕುವವರಿದ್ದಾರೆ. ಅಂಥವರ ಹುಟ್ಟುಹೆಸರನ್ನು ಸುದ್ದಿಗಾಗಿ ಕೆದಕುವುದು ಕ್ರೌರ್ಯ. ಅವತಾರ ಹೆಣ್ಣಾಗಿದ್ದರೆ ‘ಅವಳು’ ಎಂದೇ ಬರೆಯುವುದು ರೂಢಿ. ಅವತಾರದ ಲಿಂಗ ಸ್ಪಷ್ಟವಾಗಿಲ್ಲದಿದ್ದರೆ ಇಂಗ್ಲಿಷಿನಲ್ಲಿ ಬರೆಯುವವರಿಗೆ ತೊಡಕಾಗುವುದುಂಟು. ಗೌರವವನ್ನೂ ಕೊಟ್ಟು ಲಿಂಗವನ್ನೂ ಮರೆಯಲ್ಲಿಡುವ ಕನ್ನಡದ ‘ಅವರು’ ಇಂಥ ಬರವಣಿಗೆಗೆ ಹೇಳಿ ಮಾಡಿಸಿದಂತಿದೆ. ಮಾನವಶಾಸ್ತ್ರಜ್ಞ ಟಾಮ್ ಬೋಲ್‌ಸ್ಟಾರ್ಫ್ ಎರಡು ವರ್ಷಕ್ಕೂ ಹೆಚ್ಚು ಕಾಲ ಅಲ್ಲಿದ್ದು 2008ರಲ್ಲಿ ಪುಸ್ತಕ ತಂದಾಗ, ಜನರ ಅವತಾರದ ಹೆಸರುಗಳನ್ನೂ ಬದಲಿಸಿದರು. ಅಲ್ಲಿ ಆ ಹೆಸರಿಗೂ ಮಾನವಿದೆ ಎಂಬುದನ್ನು ಅವರು ಅರಿತಿದ್ದರು.

ಎರಡನೆಯ ಪ್ರಶ್ನೆ ಕದ್ದು ಕೇಳುವುದರದು. ಅಲ್ಲಿ ಟೈಪ್ ಮಾಡಿದ ಮಾತು ಸಾಮಾನ್ಯವಾಗಿ 20 ಮೀಟರ್ ದೂರದವರೆಗೆ ಕಾಣಿಸುತ್ತದೆ, ಕಂಪ್ಯೂಟರಿನಲ್ಲಿ ತಾನಾಗಿಯೇ ದಾಖಲಾಗಿಯೂ ಉಳಿಯಬಲ್ಲದು. ವರದಿಗಾರನಿಗೆ ಇದಕ್ಕಿಂತ ದೊಡ್ಡ ಆಮಿಷ ಇನ್ನೊಂದಿಲ್ಲ. ಆದರೆ ಒಪ್ಪಿಗೆಯಿಲ್ಲದೆ ಸಂಭಾಷಣೆಯನ್ನು ಹಂಚುವುದು ನಿಯಮಕ್ಕೆ ವಿರುದ್ಧ. ಬರೆಯುವವರು ಮೊದಲೇ ತಮ್ಮ ಗುರುತು ಹೇಳಿ, ಕೇಳಿ, ಆಮೇಲೆ ಮಾತನ್ನು ಉದ್ಧರಿಸಬೇಕು. ಚಿತ್ರಗಳ ವಿಷಯ ಇನ್ನೂ ಸೂಕ್ಷ್ಮ. ಅವತಾರ ಹೊರಗೆ ನಿಂತಿದ್ದರೂ ನೋಡುವ ಕಣ್ಣನ್ನು ಗೋಡೆಯಾಚೆ ಕಳುಹಿಸಬಹುದು. ಹಾಗೆ ಇಣುಕಿ ತೆಗೆದ ಮನೆಯೊಳಗಿನ ಚಿತ್ರ ಎಷ್ಟೇ ಚೆಂದವಿದ್ದರೂ ಅಚ್ಚಿಗೆ ತಕ್ಕದ್ದಲ್ಲ.

ಅವತಾರಗಳ ಉಡುಪು, ಕೂದಲು, ಪೀಠೋಪಕರಣಗಳ ಬಗ್ಗೆ ಬರೆಯುವವರ ಬಳಗ ದೊಡ್ಡದು. ತಯಾರಕರು ಇವರಿಗೆ ಹೊಸ ಸರಕಿನ ಪ್ರತಿಯನ್ನು ಪುಕ್ಕಟೆಯಾಗಿ ಕಳುಹಿಸುತ್ತಾರೆ. ಹಾಗೆ ಬಂದದ್ದನ್ನು ಹಾಗೆಂದೇ ಹೇಳುವುದು ಓದುಗರಿಗೆ ಸಲ್ಲಬೇಕಾದ ಪ್ರಾಮಾಣಿಕತೆ. ಅಮೆರಿಕದಲ್ಲಿ 2009ರ ಡಿಸೆಂಬರ್‌ನಿಂದ ಸರ್ಕಾರದ ಮಾರ್ಗಸೂಚಿಯೂ ಅದನ್ನೇ ಹೇಳುತ್ತದೆ. ಒಂದೇ ಚಿತ್ರದಲ್ಲಿ ಕೂದಲು ಒಬ್ಬರದು, ಚರ್ಮ ಇನ್ನೊಬ್ಬರದು, ಚಪ್ಪಲಿ ಮತ್ತೊಬ್ಬರದು. ಪ್ರತಿಯೊಂದಕ್ಕೂ ತಯಾರಕರ ಹೆಸರು, ಅಂಗಡಿಯ ಹೆಸರು ಕೊಡುವುದು ಪದ್ಧತಿ. 2006ರ ನವೆಂಬರ್‌ನಲ್ಲಿ ‘ಕಾಪಿಬಾಟ್’ ಎಂಬ ಸಾಧನ ಇತರರ ಸರಕನ್ನು ನಕಲು ಮಾಡತೊಡಗಿದಾಗ ಅಂಗಡಿಕಾರರು ಬಾಗಿಲು ಹಾಕಿ ಪ್ರತಿಭಟಿಸಿದ್ದರು. ಕೈಕೆಲಸವೇ ಜೀವನೋಪಾಯವಾದವರಿಗೆ ಹೆಸರಿನ ಆ ಒಂದು ಸಾಲು ಎಷ್ಟು ಮುಖ್ಯವೆಂಬುದು ಆಗ ಎಲ್ಲರಿಗೂ ಮನದಟ್ಟಾಯಿತು.

ಈ ಬರಹಗಾರರಿಗೆ ಸಂಘವೂ ಇಲ್ಲ, ಕಚೇರಿಯೂ ಇಲ್ಲ. ಆದರೂ ಒಗ್ಗಟ್ಟಿಗೆ ಕೊರತೆಯಿರಲಿಲ್ಲ. 2008ರಲ್ಲಿ ಲಿಂಡೆನ್ ಲ್ಯಾಬ್ ತನ್ನ ಹೆಸರು, ಚಿಹ್ನೆಗಳ ಬಳಕೆಗೆ ಬಿಗಿ ನಿಯಮ ತಂದಾಗ, ಅದೇ ಹೆಸರಿಟ್ಟುಕೊಂಡು ವರ್ಷಗಟ್ಟಲೆ ಆ ಲೋಕವನ್ನು ಹೊಗಳಿ ಬರೆದಿದ್ದವರು ನೊಂದುಕೊಂಡರು. ಹಲವರು ಕೆಲವು ದಿನ ಬರೆಯುವುದನ್ನೇ ನಿಲ್ಲಿಸಿ ಪ್ರತಿಭಟಿಸಿದರು. ಅಮೆರಿಕನ್ ಕ್ಯಾನ್ಸರ್ ಸೊಸೈಟಿಗಾಗಿ 2005ರಿಂದ ಅಲ್ಲಿ ನಡೆದು ಬಂದಿರುವ ‘ರಿಲೇ ಫಾರ್ ಲೈಫ್’ ನಿಧಿಸಂಗ್ರಹ ನಡಿಗೆಯ ಸುದ್ದಿಯನ್ನು ಮನೆಮನೆಗೆ ಮುಟ್ಟಿಸಿದವರಲ್ಲಿ ಇಂಥ ಬರಹಗಾರರೂ ಇದ್ದಾರೆ.

ನಿವಾಸಿಯೊಬ್ಬರು ನಿಜವಾಗಿ ತೀರಿಕೊಂಡಾಗ ಈ ಮರ್ಯಾದೆಗಳೆಲ್ಲ ಒಟ್ಟಿಗೆ ಪರೀಕ್ಷೆಗೆ ಒಳಗಾಗುತ್ತವೆ. ಸಾವಿನ ಸುದ್ದಿ ನಿಜವೇ ಎಂದು ಮೊದಲು ಹತ್ತಿರದ ಗೆಳೆಯರಿಂದ ಖಚಿತಪಡಿಸಿಕೊಳ್ಳಬೇಕು. ಮನೆಯವರಿಗೆ ಆ ಇನ್ನೊಂದು ಬದುಕಿನ ಸುಳಿವೇ ಇಲ್ಲದಿರಬಹುದು. ಗೆಳೆಯರಿಗೆ ಹುಟ್ಟುಹೆಸರು ಗೊತ್ತಿಲ್ಲದಿರಬಹುದು. ಆದ್ದರಿಂದ ನುಡಿನಮನ ಅವತಾರದ ಹೆಸರಿನಲ್ಲೇ ಬರುತ್ತದೆ. ಹುಟ್ಟುಹೆಸರು ಸೇರುವುದು ಮನೆಯವರು ಒಪ್ಪಿದರೆ ಮಾತ್ರ.