ಮೂಗಿನ ಮಾತು ಮುಂಜಾನೆಯ ಓಟಕ್ಕೆ ಅಂಟಿದ ಕಥೆ

ಪುಸ್ತಕದಂಗಡಿಯ ‘ವ್ಯಕ್ತಿತ್ವ ವಿಕಸನ’ದ ಕಪಾಟಿನ ಮುಂದೆ ಐದು ನಿಮಿಷ ನಿಂತರೆ ಒಂದು ಸಂಖ್ಯೆ ಕಣ್ಣಿಗೆ ಬಿದ್ದೇ ಬೀಳುತ್ತದೆ: 21. ಬೆಳಗ್ಗೆ ಬೇಗ ಏಳುವುದೋ, ಸಕ್ಕರೆ ಬಿಡುವುದೋ, ಯಾವುದಾದರೂ ಸರಿ, 21 ದಿನ ಬಿಡದೆ ಮಾಡಿದರೆ ಮೈಗೂಡುತ್ತದೆ ಎಂಬ ಭರವಸೆ. ಗಣಪತಿಗೆ 21 ಗರಿಕೆ ಏರಿಸುವ, ವ್ರತಕ್ಕೂ ಪಥ್ಯಕ್ಕೂ 48 ದಿನದ ಮಂಡಲ ಹಿಡಿಯುವ ನಾಡಿನಲ್ಲಿ ಇಂಥ ಲೆಕ್ಕವನ್ನು ನಂಬಿಸಲು ಯಾರೂ ಬೆವರು ಸುರಿಸಬೇಕಾಗಿಲ್ಲ. ಈ 21 ಮಾತ್ರ ಬಂದದ್ದು ಒಬ್ಬ ಪ್ಲಾಸ್ಟಿಕ್ ಸರ್ಜನ್‌ನ ಕೋಣೆಯಿಂದ.

ನ್ಯೂಯಾರ್ಕಿನ ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಮೂಗು, ಮುಖ ತಿದ್ದುವ ವೈದ್ಯರು. ಶಸ್ತ್ರಚಿಕಿತ್ಸೆಯಾದ ಮೇಲೆ ಕನ್ನಡಿಯಲ್ಲಿ ಕಾಣುವ ಹೊಸ ಮುಖ ತನ್ನದೇ ಎನ್ನಿಸಲು ರೋಗಿಗಳಿಗೆ ಮೂರು ವಾರವಾದರೂ ಬೇಕು ಎಂಬುದು ಅವರ ಗಮನಕ್ಕೆ ಬಂದಿತ್ತು. ಕತ್ತರಿಸಿ ತೆಗೆದ ಕೈಯೋ ಕಾಲೋ ಇನ್ನೂ ಇದೆ ಎನ್ನಿಸುವ ಭ್ರಮೆ ಕರಗುವುದಕ್ಕೂ ಅವರು ಅಷ್ಟೇ ಅವಧಿ ಹೇಳಿದರು. 1960ರಲ್ಲಿ ಬಂದ ‘ಸೈಕೋ-ಸೈಬರ್ನೆಟಿಕ್ಸ್’ ಪುಸ್ತಕದಲ್ಲಿ ಅವರು ಬರೆದದ್ದು ‘ಕನಿಷ್ಠ ಸುಮಾರು 21 ದಿನ’ ಎಂದು. ಪುಸ್ತಕ ಲಕ್ಷಗಟ್ಟಲೆ ಖರ್ಚಾಯಿತು. ಬಾಯಿಂದ ಬಾಯಿಗೆ ದಾಟುವಾಗ ಮೊದಲು ‘ಕನಿಷ್ಠ’ ಉದುರಿತು, ಆಮೇಲೆ ‘ಸುಮಾರು’ ಉದುರಿತು. ಮೂಗಿನ ಬಗ್ಗೆ ಆಡಿದ ಮಾತು ಮುಂಜಾನೆಯ ಓಟಕ್ಕೆ ಅಂಟಿಕೊಂಡಿತು.

ನಿಜಕ್ಕೂ ಎಷ್ಟು ದಿನ ಬೇಕು ಎಂದು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲಾಲಿ ಮತ್ತು ಸಂಗಡಿಗರು ಲೆಕ್ಕ ಹಾಕಿದರು. 2010ರಲ್ಲಿ ಅಚ್ಚಾದ ಅವರ ಅಧ್ಯಯನದಲ್ಲಿ 96 ಮಂದಿ ತಮಗೆ ಬೇಕಾದ ಒಂದೊಂದು ಹೊಸ ರೂಢಿಯನ್ನು ಆರಿಸಿಕೊಂಡು 12 ವಾರ ಪ್ರಯತ್ನಪಟ್ಟರು. ಯೋಚಿಸದೆಯೇ ಮಾಡುವ ಹಂತಕ್ಕೆ ತಲುಪಲು ಮಧ್ಯಮ ಲೆಕ್ಕದಲ್ಲಿ 66 ದಿನ ಬೇಕಾಯಿತು. ಆದರೆ ಒಬ್ಬರಿಗೆ 18 ದಿನ ಸಾಕಾದರೆ, ಇನ್ನೊಬ್ಬರಿಗೆ 254 ದಿನ ಬೇಕಾದೀತೆಂದು ಅಂದಾಜಾಯಿತು. ಒಂದು ಲೋಟ ನೀರು ಕುಡಿಯುವುದು ಬೇಗ ರೂಢಿಯಾದರೆ, ವ್ಯಾಯಾಮ ತುಂಬಾ ಸತಾಯಿಸಿತು. ಈಗಿನ ಪುಸ್ತಕಗಳು 21 ಅಳಿಸಿ ಅದೇ ಜಾಗದಲ್ಲಿ 66 ಬರೆಯತೊಡಗಿವೆ. ತಪ್ಪು ಹಳೆಯದೇ, ಅಂಗಿ ಮಾತ್ರ ಹೊಸದು.

ಅದೇ ಅಧ್ಯಯನ ಇನ್ನೊಂದು ಹೆದರಿಕೆಯನ್ನೂ ಬಿಡಿಸುತ್ತದೆ. ಒಂದು ದಿನ ತಪ್ಪಿದರೆ ವ್ರತಭಂಗವಾದಂತೆ, ಮತ್ತೆ ಮೊದಲಿನಿಂದ ಎಣಿಸಬೇಕು ಎಂದು ನಂಬಿದವರು ಬಹಳ. ಆ್ಯಪ್‌ಗಳು ತೋರಿಸುವ ಸರಪಳಿ ಮುರಿದೊಡನೆ ಕೈಚೆಲ್ಲಿ ಕೂರುವವರೂ ಇದ್ದಾರೆ. ಒಮ್ಮೆ ಅವಕಾಶ ತಪ್ಪಿದ್ದರಿಂದ ರೂಢಿ ಬೇರೂರುವುದಕ್ಕೆ ಹೇಳಿಕೊಳ್ಳುವಂಥ ಅಡ್ಡಿಯೇನೂ ಆಗಲಿಲ್ಲ ಎಂಬುದು ಲಾಲಿ ತಂಡ ಕಂಡ ಸಂಗತಿ. ಮದುವೆ ಮನೆಗೆ ಹೋಗಿ ಒಂದು ದಿನ ವಾಕಿಂಗ್ ಬಿಟ್ಟವರು ನೆಮ್ಮದಿಯಾಗಿ ಹೋಳಿಗೆ ತಿನ್ನಬಹುದು.

ದಿನಕ್ಕೆ ಶೇ 1ರಷ್ಟು ಸುಧಾರಿಸಿದರೆ ವರ್ಷದ ಕೊನೆಗೆ 37 ಪಟ್ಟು ಉತ್ತಮರಾಗುತ್ತೀರಿ ಎಂಬ ಮಾತನ್ನು ಮನೆಮಾತು ಮಾಡಿದ್ದು 2018ರಲ್ಲಿ ಬಂದ ಜೇಮ್ಸ್ ಕ್ಲಿಯರ್ ಅವರ ‘ಅಟಾಮಿಕ್ ಹ್ಯಾಬಿಟ್ಸ್’. ಗುಣಾಕಾರ ಸರಿಯಾಗಿಯೇ ಇದೆ: 1.01 ಅನ್ನು 365 ಸಲ ಗುಣಿಸಿದರೆ 37.78. ಆದರೆ ಇದು ಚಕ್ರಬಡ್ಡಿಯ ಲೆಕ್ಕ, ಮನುಷ್ಯನ ಮೈ ಮನಸ್ಸು ಬ್ಯಾಂಕಿನ ಠೇವಣಿಯಲ್ಲ. ಇವತ್ತು ಹತ್ತು ಪುಟ ಓದುವವನು ಮುಂದಿನ ವರ್ಷ ಈ ದಿನ 370 ಪುಟ ಓದುವುದಿಲ್ಲ. ಲಾಲಿ ಅವರ ಗ್ರಾಫಿನಲ್ಲಿ ಗೆರೆ ಹೋಗುವುದೇ ತಿರುಗುಮುರುಗಾಗಿ: ಮೊದಲ ದಿನಗಳಲ್ಲಿ ಸರಸರ ಏರುತ್ತದೆ, ಬರಬರುತ್ತಾ ಮಟ್ಟಸವಾಗುತ್ತದೆ. ಎರಡನೇ ತಿಂಗಳು ‘ಯಾಕೋ ಮುಂದೆ ಹೋಗುತ್ತಲೇ ಇಲ್ಲ’ ಎನ್ನಿಸುವುದು ಸೋಲಿನ ಗುರುತಾಗಬೇಕಿಲ್ಲ.

ಇನ್ನೊಂದು ಜನಪ್ರಿಯ ಕಥೆ: ಗುರಿಗಳನ್ನು ಬರೆದಿಟ್ಟ ಯೇಲ್ ವಿಶ್ವವಿದ್ಯಾಲಯದ 1953ರ ಶೇ 3ರಷ್ಟು ವಿದ್ಯಾರ್ಥಿಗಳು ಉಳಿದವರೆಲ್ಲರ ಒಟ್ಟು ಸಂಪತ್ತನ್ನೂ ಮೀರಿಸಿದರಂತೆ. ‘ಫಾಸ್ಟ್ ಕಂಪನಿ’ ಪತ್ರಿಕೆ 1996ರಲ್ಲಿ ಇದರ ಬೆನ್ನುಹತ್ತಿ ಹುಡುಕಿತು. ಅಂಥ ಅಧ್ಯಯನವೇ ಸಿಗಲಿಲ್ಲ. ಭಾಷಣಗಳಲ್ಲಿ ಅದು ಇಂದಿಗೂ ಜೀವಂತ.

ಇವೆಲ್ಲಕ್ಕಿಂತ ಆಳಕ್ಕೆ ಇಳಿದ ನಂಬಿಕೆ ಮನೋಬಲದ್ದು: ‘ನಿನಗೆ ಗಟ್ಟಿ ಮನಸ್ಸಿಲ್ಲ, ಅದಕ್ಕೇ ಆಗುತ್ತಿಲ್ಲ.’ ಮನೋಬಲ ಸ್ನಾಯುವಿನಂತೆ, ಬಳಸಿದರೆ ದಣಿಯುತ್ತದೆ ಎಂದು ಜನಪ್ರಿಯಗೊಳಿಸಿದವರು ಮನಶ್ಶಾಸ್ತ್ರಜ್ಞ ರಾಯ್ ಬೌಮೈಸ್ಟರ್. 1998ರ ಅವರ ಪ್ರಯೋಗದಲ್ಲಿ ಕೆಲವರು ಎದುರಿಗಿದ್ದ ಚಾಕೊಲೇಟ್ ಬಿಸ್ಕತ್ತನ್ನು ಮುಟ್ಟದೆ ಮೂಲಂಗಿ ತಿನ್ನಬೇಕಿತ್ತು. ಆಮೇಲೆ ಕೊಟ್ಟ, ಬಿಡಿಸಲಾಗದ ಒಗಟನ್ನು ಅವರು ಬೇಗ ಕೈಬಿಟ್ಟರು. ಸೊಗಸಾದ ಪ್ರಯೋಗವೇ. ಆದರೆ ಈ ದಣಿವನ್ನು ಬೇರೊಂದು ವಿಧಾನದಲ್ಲಿ 23 ಪ್ರಯೋಗಾಲಯಗಳು ಎರಡು ಸಾವಿರಕ್ಕೂ ಹೆಚ್ಚು ಜನರ ಮೇಲೆ ಪರೀಕ್ಷಿಸಿ 2016ರಲ್ಲಿ ವರದಿ ಕೊಟ್ಟಾಗ, ಪರಿಣಾಮ ಹೆಚ್ಚುಕಡಿಮೆ ಸೊನ್ನೆಯ ಹತ್ತಿರ ನಿಂತಿತ್ತು. ವಾದ ಇನ್ನೂ ಮುಗಿದಿಲ್ಲ.

ಇನ್ನೊಂದು ತಮಾಷೆ ಇದೆ. ಅದೇ ಬೌಮೈಸ್ಟರ್ ಭಾಗಿಯಾಗಿದ್ದ ಜರ್ಮನಿಯ ಅಧ್ಯಯನವೊಂದು 2012ರಲ್ಲಿ ಪ್ರಕಟವಾಯಿತು. 205 ಮಂದಿಯ ಕೈಗೆ ಸಾಧನವೊಂದನ್ನು ಕೊಟ್ಟು, ದಿನಕ್ಕೆ ಹಲವು ಸಲ ‘ಈಗ ಯಾವ ಆಸೆ ಕಾಡುತ್ತಿದೆ?’ ಎಂದು ಕೇಳಲಾಯಿತು. ಆತ್ಮನಿಯಂತ್ರಣದಲ್ಲಿ ಮುಂದಿದ್ದವರು ಆಸೆಯ ಜೊತೆ ಗುದ್ದಾಡಿದ್ದು ಉಳಿದವರಿಗಿಂತ ಕಡಿಮೆ. ಕಚ್ಚಾಡುವ ಸಂದರ್ಭಗಳೇ ಅವರಿಗೆ ಹೆಚ್ಚು ಎದುರಾಗಿರಲಿಲ್ಲ. ಚಕ್ಕುಲಿಯ ಡಬ್ಬಿ ಕಣ್ಣೆದುರಿಗಿಟ್ಟುಕೊಂಡು ಸಂಯಮ ಮೆರೆಯುವವರು ಕಮ್ಮಿ. ಡಬ್ಬಿಯನ್ನು ಅಟ್ಟದ ಮೇಲಿಟ್ಟು ಮರೆತವರೇ ಸಂಯಮಿಗಳೆನ್ನಿಸಿಕೊಳ್ಳುತ್ತಾರೆ.

ರೂಢಿ ಎಂಬುದು ಜಾಗಕ್ಕೆ ಎಷ್ಟು ಅಂಟಿಕೊಂಡಿರುತ್ತದೆ ಎನ್ನುವುದಕ್ಕೆ ಡೇವಿಡ್ ನೀಲ್, ವೆಂಡಿ ವುಡ್ ಮೊದಲಾದವರ 2011ರ ಪಾಪ್‌ಕಾರ್ನ್ ಪ್ರಯೋಗ ನೋಡಬೇಕು. ಸಿನಿಮಾ ನೋಡಲು ಬಂದವರಲ್ಲಿ ಕೆಲವರಿಗೆ ಆಗಷ್ಟೇ ಹುರಿದದ್ದು, ಕೆಲವರಿಗೆ ಏಳು ದಿನದ ಹಳೆಯದು. ಚಿತ್ರಮಂದಿರದಲ್ಲಿ ಪಾಪ್‌ಕಾರ್ನ್ ತಿನ್ನುವ ಚಾಳಿ ಗಟ್ಟಿಯಾಗಿದ್ದವರು, ರುಚಿಯಿಲ್ಲ ಎನ್ನುತ್ತಲೇ, ಹಳಸಲನ್ನೂ ತಾಜಾದಷ್ಟೇ ತಿಂದರು. ಸಭಾಕೋಣೆಯಲ್ಲಿ ಕೂರಿಸಿ ಹಾಡಿನ ವಿಡಿಯೊ ತೋರಿಸಿದಾಗ ಅಂಥ ಚಾಳಿಯವರೂ ಹಳಸಲನ್ನು ದೂರ ತಳ್ಳಿದರು. ಚಿತ್ರಮಂದಿರದಲ್ಲೇ ರೂಢಿಯಿಲ್ಲದ ಕೈಯಿಂದ ತಿನ್ನಿ ಎಂದಾಗಲೂ ನಾಲಿಗೆ ಎಚ್ಚರವಾಯಿತು. ಸುತ್ತಲಿನ ಪರಿಸರ ಬದಲಿಸಿಕೊಳ್ಳಿ ಎಂಬ ಅಧ್ಯಾಯ ಕ್ಲಿಯರ್ ಪುಸ್ತಕದಲ್ಲೂ ಇದೆ. ಆದರೆ ಜನರ ನೆನಪಿನಲ್ಲಿ ಉಳಿದದ್ದು 37 ಪಟ್ಟು.

ಕೊನೆಯ ತಪ್ಪು ಕಲ್ಪನೆ ಈ ಪ್ರಕಾರದ ‘ಸೆಲ್ಫ್-ಹೆಲ್ಪ್’ ಎಂಬ ಇಂಗ್ಲಿಷ್ ಹೆಸರಿನಲ್ಲೇ ಅಡಗಿದೆ: ಎಲ್ಲವನ್ನೂ ಒಬ್ಬರೇ, ತಮ್ಮೊಳಗಿಂದಲೇ ಸಾಧಿಸಬೇಕೆಂಬುದು. ಆ ಹೆಸರನ್ನು ಮನೆಮನೆಗೆ ಮುಟ್ಟಿಸಿದ್ದು 1859ರ ‘ಸೆಲ್ಫ್-ಹೆಲ್ಪ್’ ಪುಸ್ತಕ, ಬರೆದವರು ಸ್ಕಾಟ್ಲೆಂಡಿನ ಸ್ಯಾಮುಯೆಲ್ ಸ್ಮೈಲ್ಸ್. ಶೀರ್ಷಿಕೆ ನೋಡಿ ಕೆಲವರು ಇದನ್ನು ಸ್ವಾರ್ಥದ ಸ್ತುತಿ ಎಂದುಕೊಂಡದ್ದಕ್ಕೆ ಸ್ಮೈಲ್ಸ್ ಮುಂದೆ ಬೇಸರಪಟ್ಟುಕೊಂಡು ಸಮಜಾಯಿಷಿ ಕೊಡಬೇಕಾಯಿತು.

ಪುಸ್ತಕದ ಬೀಜ ಮೊಳೆತದ್ದಂತೂ ಗುಂಪಿನಲ್ಲೇ. ಇಂಗ್ಲೆಂಡಿನ ಲೀಡ್ಸ್ ಪಟ್ಟಣದ ಇಬ್ಬರು ಮೂವರು ದುಡಿಯುವ ಹುಡುಗರು ಚಳಿಗಾಲದ ಸಂಜೆಗಳಲ್ಲಿ ಸೇರಿ, ತಮಗೆ ಗೊತ್ತಿದ್ದುದನ್ನು ಒಬ್ಬರಿಗೊಬ್ಬರು ಕಲಿಸತೊಡಗಿದರು. ಬೇಸಿಗೆಯಲ್ಲಿ ತೋಟದ ಗುಡಿಸಲಿನ ಸುತ್ತಲ ಬಯಲೇ ಶಾಲೆ. ಒಮ್ಮೊಮ್ಮೆ ಮಳೆ ಬಂದು ಸ್ಲೇಟಿನ ಮೇಲಿನ ಲೆಕ್ಕವೆಲ್ಲ ತೊಳೆದುಹೋಗಿ ಪಾಠ ಅಲ್ಲಿಗೇ ನಿಲ್ಲುತ್ತಿತ್ತು. ಜನ ಹೆಚ್ಚಾದಂತೆ ದೊಡ್ಡ ಜಾಗ ಬೇಕಾಯಿತು. ಸಿಕ್ಕಿದ್ದು, ಹಿಂದೆ ಕಾಲರಾ ಆಸ್ಪತ್ರೆಯಾಗಿದ್ದ ಕೊಳಕು ಕೋಣೆ. ಹೆದರಿ ಯಾರೂ ಬಾಡಿಗೆಗೆ ಹಿಡಿಯದೆ ಖಾಲಿ ಬಿದ್ದಿತ್ತು. ಹುಡುಗರು ಹೆದರಲಿಲ್ಲ, ಓದು, ಬರಹ, ಲೆಕ್ಕದ ಪಾಠ ಶುರುವಿಟ್ಟುಕೊಂಡರು. ಸಂಖ್ಯೆ ನೂರರ ಹತ್ತಿರ ಬಂದಾಗ ‘ನಮಗೊಂದಿಷ್ಟು ಮಾತಾಡಿ’ ಎಂದು ಸ್ಮೈಲ್ಸ್ ಅವರನ್ನು ಕರೆದುಕೊಂಡು ಹೋದರು.